ಫೀನಿಕ್ಸ್‌ಗೆ ಹೊಸದಾಗಿ ಬಂದವರಿಗೆ: ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರಬಹುದಾದ ಮರುಭೂಮಿ

ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಸುತ್ತಮುತ್ತ ಬಂದು ನೆಲೆಸುವ ನಮ್ಮವರ ಮೊದಲ ವರ್ಷ ಹೆಚ್ಚುಕಡಿಮೆ ಒಂದೇ ತೆರನಾಗಿ ಕಳೆಯುತ್ತದೆ. ಚಾಂಡ್ಲರ್‌ನಲ್ಲೋ ಗಿಲ್ಬರ್ಟ್‌ನಲ್ಲೋ ಮನೆ. ಮೂರು ದಿನ ರಜೆ ಸಿಕ್ಕ ಕೂಡಲೇ ಗ್ರ್ಯಾಂಡ್ ಕ್ಯಾನ್ಯನ್, ಮುಂದಿನ ರಜೆಗೆ ಲಾಸ್ ವೇಗಸ್. ಅಲ್ಲಿಗೆ ನೋಡುವುದೆಲ್ಲ ಮುಗಿಯಿತು. ‘ಇಲ್ಲೇನಿದೆ, ಬರೀ ಕಲ್ಲು, ಮುಳ್ಳು’ ಎಂದು ಊರಿಗೆ ಫೋನು. ಈ ಮಾತನ್ನು ನಾನೂ ವರ್ಷಗಟ್ಟಲೆ ಆಡಿದ್ದೇನೆ, ಅದೂ ಬಹಳ ತಿಳಿದವನ ಗತ್ತಿನಲ್ಲಿ.

ಚಾಲನಾ ಪರವಾನಗಿ, ವಾಹನ ವಿಮೆ, ಶಾಲೆಗೆ ಕೊಡಬೇಕಾದ ಲಸಿಕೆ ಪತ್ರ ಇವೆಲ್ಲ ಸರ್ಕಾರಿ ಜಾಲತಾಣಗಳಲ್ಲಿವೆ, ಓದಿಕೊಳ್ಳಿ. ಅಲ್ಲಿ ಬರೆಯದೇ ಇರುವುದು ಇಷ್ಟು: ನಮ್ಮ ಹೊರಡುವ ಹೊತ್ತು ಮರುಭೂಮಿಗೆ ಹೊಂದುವುದಿಲ್ಲ. ಆರಕ್ಕೆ ಹೊರಡೋಣ ಎಂದು ರಾತ್ರಿ ಮಾತಾಗಿರುತ್ತದೆ. ಬೆಳಿಗ್ಗೆ ಇಡ್ಲಿ ಬೇಯಬೇಕು, ಚಿತ್ರಾನ್ನ ಕಟ್ಟಬೇಕು, ಇನ್ನೊಂದು ಸಂಸಾರಕ್ಕೆ ಕಾಯಬೇಕು; ಕಾರು ಕದಲುವಾಗ ಹತ್ತೂವರೆ. ಜನವರಿಯಲ್ಲಿ ಇದು ನಡೆಯುತ್ತದೆ. ಮೇ ತಿಂಗಳಲ್ಲಿ ಇದು ಆಸ್ಪತ್ರೆಯ ದಾರಿ. 2023ರಲ್ಲಿ ಇಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಅಂದರೆ ನಮ್ಮ ಲೆಕ್ಕದಲ್ಲಿ 43 ಸೆಲ್ಸಿಯಸ್ ದಾಟಿದ್ದು. ತೀವ್ರ ಬಿಸಿಲಿನ ಎಚ್ಚರಿಕೆ ಇರುವ ದಿನಗಳಲ್ಲಿ ಕ್ಯಾಮಲ್‌ಬ್ಯಾಕ್‌ನಂತಹ ಬೆಟ್ಟಗಳ ದಾರಿಯನ್ನು ನಗರಾಡಳಿತವೇ ಹಗಲು ಹೊತ್ತು ಮುಚ್ಚಿಬಿಡುತ್ತದೆ. ‘ರಾಯಚೂರಿನ ಬಿಸಿಲು ಕಂಡವರು ನಾವು’ ಎಂಬ ಧೈರ್ಯ ಬೇಡ. ರಾಯಚೂರಿನಲ್ಲಿ ಮಧ್ಯಾಹ್ನ ಯಾರೂ ಬೆಟ್ಟ ಹತ್ತುವುದಿಲ್ಲ. ನವೆಂಬರಿನಿಂದ ಮಾರ್ಚಿಯವರೆಗೆ ತಿರುಗಿ, ತಂದ ನೀರು ಅರ್ಧವಾದ ಕೂಡಲೇ ಹಿಂದಿರುಗಿ. ಗುರಿ ಮುಟ್ಟಿದ್ದೀರೋ ಇಲ್ಲವೋ ಎಂದು ನೋಡಬೇಡಿ.

ಚಪ್ಪಲಿಯನ್ನು ಮನೆಯಲ್ಲೇ ಬಿಡಿ. ಚೋಯಾ ಎಂಬ ಕಳ್ಳಿ ದೂರದಿಂದ ಹತ್ತಿಯಂತೆ ಮೆತ್ತಗೆ ಕಾಣುತ್ತದೆ, ಮಕ್ಕಳು ಮುಟ್ಟಲು ಓಡುತ್ತಾರೆ. ತುಸು ತಗುಲಿದರೂ ಅದರ ತುಂಡು ಕಳಚಿ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಕಾಲಿಗೆ ಹತ್ತಿದ್ದನ್ನು ನಾನು ಕೈಯಿಂದ ಕಿತ್ತೆ. ಕಾಲಿನದು ಬೆರಳಿಗೆ ಬಂತು, ಬೆರಳಿನದು ಇನ್ನೊಂದು ಕೈಗೆ. ಹೆಂಡತಿ ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು. ಚೀಲದಲ್ಲಿ ಒಂದು ಬಾಚಣಿಗೆ ಇರಲಿ. ಅದನ್ನು ತುಂಡಿನ ಅಡಿಗೆ ತೂರಿಸಿ ಎಗರಿಸಿದರೆ ಕೆಲಸ ಮುಗಿಯಿತು.

ಕೈ ಎತ್ತಿ ನಿಂತ ಕಂಬದಂತಹ ಸವಾರೊ ಕಳ್ಳಿಯನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ, ಅದರ ವಯಸ್ಸನ್ನು ಯಾರೂ ಕೇಳುವುದಿಲ್ಲ. ಮೊದಲ ಹತ್ತು ವರ್ಷದಲ್ಲಿ ಅದು ಬೆಳೆಯುವುದು ಒಂದೆರಡು ಅಂಗುಲ. ಮೊದಲ ತೋಳು ಮೂಡಲು ಐವತ್ತು ವರ್ಷವೋ ಇನ್ನೂ ಹೆಚ್ಚೋ ಬೇಕು. ಎಳೆಯದಿದ್ದಾಗ ಬೇರೊಂದು ಮರದ ನೆರಳಿಲ್ಲದೆ ಅದು ಬದುಕುವುದೇ ಕಷ್ಟ. ಹಾಗೆ ನೆರಳು ಕೊಡುವ ಮರಗಳಲ್ಲಿ ಮೆಸ್ಕೀಟ್ ಒಂದು. ಸಿಂಧನೂರಿನಿಂದ ಬಂದಿದ್ದ ನನ್ನ ಅತ್ತೆ ಅದನ್ನು ಕಂಡವರೇ ಗಕ್ಕನೆ ನಿಂತರು. “ಇದು ನಮ್ಮ ಬಳ್ಳಾರಿ ಜಾಲಿಯಲ್ಲವೇ? ಇದಕ್ಕೆ ಯಾರಾದರೂ ಬೇಲಿ ಕಟ್ಟಿ ನೀರು ಹಾಕುತ್ತಾರೆಯೇ?” ಅವರ ಕಣ್ಣು ತಪ್ಪಲಿಲ್ಲ, ಎರಡೂ ಒಂದೇ ಕುಲದ ಗಿಡಗಳು. ನಮ್ಮ ಹೊಲ, ಕೆರೆಯಂಗಳಗಳನ್ನೆಲ್ಲ ನುಂಗಿದ ಬಳ್ಳಾರಿ ಜಾಲಿಯ ತವರು ಅಮೆರಿಕ ಖಂಡ. ಪಾಪಸುಕಳ್ಳಿ, ಹೊಲದ ಬದುವಿನ ಕತ್ತಾಳೆ ಕೂಡ ಹೀಗೆಯೇ ಕಡಲು ದಾಟಿ ಬಂದವು. ಅಲ್ಲಿ ಪೀಡೆಯಾದ ಜಾಲಿಯ ಬಂಧು ಇಲ್ಲಿ ಅನ್ನ ಕೊಟ್ಟ ಮರ: ಅದರ ಕಾಯಿಯನ್ನು ಕುಟ್ಟಿ ಹಿಟ್ಟು ಮಾಡಿಕೊಂಡು ಇಲ್ಲಿನ ಮೂಲ ಜನ ತಲೆತಲಾಂತರದಿಂದ ಉಂಡಿದ್ದಾರೆ.

ಆ ಜನರ ಬಗ್ಗೆ ತಿಳಿಯದೆ ಇಲ್ಲಿ ಎಷ್ಟು ತಿರುಗಿದರೂ ಬರೀ ಕಲ್ಲೇ ಕಾಣುತ್ತದೆ. ವಿಮಾನ ನಿಲ್ದಾಣದ ಪಕ್ಕದಲ್ಲೇ ಸೆದವ್ ವಾಕಿ ಮ್ಯೂಸಿಯಂ ಇದೆ. 2023ರವರೆಗೂ ಅದರ ಹೆಸರು ಪ್ವೆಬ್ಲೊ ಗ್ರಾಂಡೆ ಎಂದಿತ್ತು. ಸಂಜೆ ನಾವು ವಾಕಿಂಗ್ ಹೋಗುವ ಕಾಲುವೆಗಳಿಗೂ ಅಲ್ಲಿ ಉಳಿದಿರುವ ಹಳೆಯ ಕಾಲುವೆಯ ಗುರುತುಗಳಿಗೂ ಇರುವ ನಂಟು ಅಲ್ಲಿ ಹೋದರೆ ತಿಳಿಯುತ್ತದೆ. ಕುದುರೆಯಿಲ್ಲ, ಎತ್ತಿಲ್ಲ, ಚಕ್ರವಿಲ್ಲ. ಕಟ್ಟಿಗೆ ಮತ್ತು ಕಲ್ಲಿನ ಉಪಕರಣಗಳಿಂದಲೇ ನೂರಾರು ಮೈಲಿ ಕಾಲುವೆ ತೋಡಿ ಸಾವಿರ ವರ್ಷದಷ್ಟು ಕಾಲ ಮೆಕ್ಕೆಜೋಳ, ಹತ್ತಿ ಬೆಳೆದವರು ಇವರು. 1860ರ ದಶಕದಲ್ಲಿ ಬಂದ ಹೊಸಬರು ಆ ಹಳೆಯ ಜಾಡುಗಳನ್ನೇ ಕೆದಕಿ ನೀರು ಹರಿಸಿದರು. ಹಳೆಯ ನಾಗರಿಕತೆಯ ಬೂದಿಯಿಂದ ಎದ್ದ ಊರು ಎಂದು ಫೀನಿಕ್ಸ್ ಹಕ್ಕಿಯ ಹೆಸರಿಟ್ಟರು. ಚಂದದ ಕಥೆ. ಆದರೆ ಆ ಜನ ಬೂದಿಯಾಗಿರಲಿಲ್ಲ. ಅವರನ್ನೇ ತಮ್ಮ ಪೂರ್ವಜರು ಎನ್ನುವ ಅಕಿಮೆಲ್ ಓಧಮ್ ಜನ ಚಾಂಡ್ಲರಿನ ದಕ್ಷಿಣಕ್ಕೆ, ಗಿಲಾ ನದಿ ಸಮುದಾಯ ಎಂಬ ಮೀಸಲು ನೆಲದಲ್ಲಿ ಇಂದಿಗೂ ಇದ್ದಾರೆ. ನಮ್ಮವರಿಗೆ ಅಲ್ಲಿನ ಕ್ಯಾಸಿನೊ ಮಾತ್ರ ಗೊತ್ತು.

ಅವರ ಗಿಲಾ ನದಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೇಲ್ದಂಡೆಯವರು ತಿರುಗಿಸಿಕೊಂಡರು. ಗೋಧಿ ಬೆಳೆದು ಮಾರುತ್ತಿದ್ದ ಜನ ಹಸಿವಿಗೆ ಬಿದ್ದರು. ನೀರಿನ ಹಕ್ಕು ಕಾನೂನಾಗಿ ಕೈಗೆ ಬಂದದ್ದು 2004ರಲ್ಲಿ. ಕಾವೇರಿಯ ಹೆಸರೆತ್ತಿದರೆ ರಕ್ತ ಕುದಿಯುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಇಲ್ಲಿನ ನಲ್ಲಿ ತಿರುಗಿಸುವಾಗ ಅದು ನಮಗೆ ನೆನಪಾಗುವುದಿಲ್ಲ.

ಒಂದೇ ಜಾಗ ನೋಡಲು ಸಮಯವಿದ್ದರೆ ಆ ಕಾಲುವೆಯ ಜನರೇ ಕಟ್ಟಿದ, ಕೂಲಿಡ್ಜ್ ಪಟ್ಟಣದ ಕಾಸಾ ಗ್ರಾಂಡೆ ಪಾಳು ಮನೆಗೆ ಹೋಗಿ. ಚಾಂಡ್ಲರಿನಿಂದ ಒಂದು ಗಂಟೆಯೊಳಗಿನ ದಾರಿ, ಪ್ರವೇಶ ಶುಲ್ಕವಿಲ್ಲ. ಕಾಸಾ ಗ್ರಾಂಡೆ ಎಂಬ ಹೆಸರಿನ ಊರು ಬೇರೆಯೇ ಇದೆ, ಫೋನಿನ ನಕ್ಷೆ ನಂಬಿ ಅಲ್ಲಿಗೆ ಹೋಗಬೇಡಿ. ಸುಣ್ಣ ಬೆರೆತ ಗಟ್ಟಿ ಮಣ್ಣಿನಿಂದ 1350ರ ಸುಮಾರಿಗೆ ಎದ್ದ ನಾಲ್ಕು ಅಂತಸ್ತಿನ ಮನೆ ಅದು. ವಿಜಯನಗರದಲ್ಲಿ ಸಂಗಮ ವಂಶದವರು ಆಳಲು ತೊಡಗಿದ ಕಾಲವದು. ತೊಲೆಗಳನ್ನು ಐವತ್ತು ಮೈಲಿಗೂ ಆಚೆಯ ಬೆಟ್ಟಗಳಿಂದ ತಂದಿದ್ದಾರೆ. ಗೋಡೆಯಲ್ಲಿರುವ ಒಂದು ಕಿಂಡಿ ವರ್ಷದ ಅತಿ ದೀರ್ಘ ಹಗಲಿನಂದು ಮುಳುಗುವ ಸೂರ್ಯನಿಗೆ ನೇರವಾಗಿದೆ. ಮೇಲೆ ಕಾಣುವ ಉಕ್ಕಿನ ಚಾವಣಿ 1932ರದ್ದು, ಮಳೆಗೆ ಮಣ್ಣು ಕರಗದಿರಲೆಂದು ಹಾಕಿದ್ದು. ಅದರ ಸಂದಿಯಲ್ಲಿ ಗೂಬೆಗಳು ವಾಸ ಮಾಡುತ್ತವೆ. ಮಕ್ಕಳಿಗೆ ಅರಮನೆಗಿಂತ ಗೂಬೆಯೇ ಮುಖ್ಯ, ಬೇಸರ ಮಾಡಿಕೊಳ್ಳಬೇಡಿ.

ನೆಲದಲ್ಲಿ ಬಣ್ಣ ಬಳಿದ ಮಡಕೆ ಚೂರು ಕಂಡರೆ ನೋಡಿ, ಅಲ್ಲೇ ಬಿಡಿ. ಅಮೆರಿಕದ ಕೇಂದ್ರ ಸರ್ಕಾರದ ನೆಲದಿಂದ ಅದನ್ನು ಎತ್ತುವುದು 1979ರ ಕಾನೂನಿನಂತೆ ಅಪರಾಧ. ದೇವರ ಮನೆಗೊಂದು ಕಲ್ಲು, ನವರಾತ್ರಿ ಬೊಂಬೆ ಹಬ್ಬದ ಉದ್ಯಾನಕ್ಕೊಂದು ಕಲ್ಲು ಎಂದು ಹೋದಲ್ಲೆಲ್ಲ ಆರಿಸುವುದು ನಮ್ಮ ಅಭ್ಯಾಸ, ಅದಕ್ಕೇ ಹೇಳಿದೆ. ಸೌತ್ ಮೌಂಟನ್‌ನ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಚಿತ್ರಗಳನ್ನೂ ಮುಟ್ಟಬೇಡಿ.

ಜುಲೈನಿಂದ ಸೆಪ್ಟೆಂಬರಿನವರೆಗೆ ಇಲ್ಲೂ ಮುಂಗಾರು. ಒಣಗಿದ ಹಳ್ಳಕ್ಕೆ ಎಲ್ಲೋ ಬಿದ್ದ ಮಳೆಯ ನೀರು ನಿಮಿಷಗಳಲ್ಲಿ ನುಗ್ಗುತ್ತದೆ. ರಸ್ತೆಗೆ ಅಡ್ಡ ಇಟ್ಟ ತಡೆ ದಾಟಿ ನೀರಿಗೆ ಕಾರು ಇಳಿಸಿ ಸಿಕ್ಕಿಬಿದ್ದರೆ ಕಾಪಾಡಿದ ಖರ್ಚನ್ನು ನಿಮ್ಮಿಂದಲೇ ವಸೂಲು ಮಾಡಲು ಇಲ್ಲಿ ಕಾನೂನಿದೆ. ಧೂಳಿನ ಗೋಡೆ ಎದ್ದು ಬಂದರೆ ರಸ್ತೆಯಿಂದ ಪೂರಾ ಕೆಳಗಿಳಿದು, ಎಲ್ಲ ದೀಪ ಆರಿಸಿ, ಬ್ರೇಕ್ ಮೇಲಿನ ಕಾಲೂ ತೆಗೆಯಿರಿ. ಕೆಂಪು ದೀಪ ಕಂಡರೆ ಹಿಂದಿನವರು ಅದೇ ರಸ್ತೆ ಎಂದು ಬಂದು ಗುದ್ದುತ್ತಾರೆ.

ಆ ಮಳೆಗೆ ಮುನ್ನ ಕ್ರಿಯೋಸೋಟ್ ಪೊದೆಗಳಿಂದ ಒಂದು ಘಾಟು ವಾಸನೆ ಏಳುತ್ತದೆ. ನನ್ನ ಮಗಳಿಗೆ ಮಳೆಯ ವಾಸನೆಯೆಂದರೆ ಅದೇ. ಮಣ್ಣಿನ ವಾಸನೆಯನ್ನು ವರ್ಣಿಸಲು ಹೋದರೆ ಸೌಜನ್ಯಕ್ಕೆ ಕೇಳಿಸಿಕೊಳ್ಳುತ್ತಾಳೆ. ಮರದ ಚಿತ್ರ ಬರೆ ಎಂದರೆ ಸವಾರೊ ಬರೆಯುತ್ತಾಳೆ. ಮೊದಮೊದಲು ಚುಚ್ಚುತ್ತಿತ್ತು, ಮಾವಿನ ಮರ ತೋರಿಸಲಾಗಲಿಲ್ಲವಲ್ಲ ಎಂದು. ಈಗ ಅವಳು ಓಧಮ್ ಜನರ ಹೊಸ ವರ್ಷ ಸವಾರೊ ಹಣ್ಣಿನ ಸುಗ್ಗಿಯೊಂದಿಗೆ ಶುರುವಾಗುತ್ತದೆ ಎಂದು ನನಗೆ ಪಾಠ ಹೇಳುತ್ತಾಳೆ. ಯುಗಾದಿಯ ಬೇವು ಬೆಲ್ಲ ಕೊಟ್ಟರೆ ಬೆಲ್ಲ ಮಾತ್ರ ಆರಿಸಿಕೊಳ್ಳುತ್ತಾಳೆ, ಅದು ಬೇರೆ ಮಾತು.

ಕಾಸಾ ಗ್ರಾಂಡೆಯಿಂದ ಬರುವಾಗ ಸ್ವಲ್ಪ ಸುತ್ತು ಹಾಕಿದರೆ ಮಾರಿಕೋಪಾದ ಮಹಾಗಣಪತಿ ದೇವಸ್ಥಾನ ಸಿಗುತ್ತದೆ. ಮೊದಲು ದರ್ಶನ, ಆಮೇಲೆ ಉಳಿದದ್ದು ಎಂದು ಹಟ ಹಿಡಿಯುವ ಹಿರಿಯರು ಜೊತೆಗಿದ್ದರೆ ಕಾರಿನಲ್ಲೇ ಗಣಪತಿಗೆ ಕೈ ಮುಗಿಸಿ ಮುಂದೆ ನಡೆಯಿರಿ. ದೇವಸ್ಥಾನದೊಳಗೆ ಏಸಿ ಇದೆ, ಪಾಳು ಮನೆಯ ಸುತ್ತ ಇಲ್ಲ.