ಅಮೆರಿಕದಲ್ಲಿ ಶ್ವಾಸಕೋಶದ ನಾಡ್ಯೂಲ್: ಸ್ಕ್ಯಾನ್ ವರದಿಯ ಅಂಕಿಗಳನ್ನು ಅರ್ಥ ಮಾಡಿಕೊಳ್ಳುವ ಬಗೆ

ಅಮೆರಿಕದಲ್ಲಿ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದವರ ವರದಿ ಎಷ್ಟೋ ಸಲ ವೈದ್ಯರು ಕರೆ ಮಾಡುವ ಮೊದಲೇ, ರೋಗಿಗಳು ತಮ್ಮ ದಾಖಲೆ ನೋಡುವ ಮೈಚಾರ್ಟ್‌ನಂಥ ಪೋರ್ಟಲ್‌ಗೆ ಬಂದಿರುತ್ತದೆ. 21ನೇ ಶತಮಾನದ ಕ್ಯೂರ್ಸ್ ಕಾಯ್ದೆಯ ಅಡಿಯ ನಿಯಮಗಳು 2021ರ ಏಪ್ರಿಲ್‌ನಿಂದ ಜಾರಿಗೆ ಬಂದಮೇಲೆ ಆಸ್ಪತ್ರೆಗಳು ಫಲಿತಾಂಶವನ್ನು ಸಕಾರಣವಿಲ್ಲದೆ ತಡೆಹಿಡಿಯುವಂತಿಲ್ಲ. ಇದರಿಂದಾಗಿ, ಎದೆನೋವಿಗೋ ಕಾರು ಅಪಘಾತಕ್ಕೋ ತೆಗೆಸಿದ ಸ್ಕ್ಯಾನಿನ ವರದಿಯಲ್ಲಿ, ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 5 ಮಿಲಿಮೀಟರಿನ ನಾಡ್ಯೂಲ್ (ಸಣ್ಣ ಗಂಟು) ಇದೆ ಎಂಬ ಸಾಲನ್ನು ರಾತ್ರಿ ಹೊತ್ತು ಒಬ್ಬರೇ ಓದಿ ಕಂಗಾಲಾಗುವವರು ನಮ್ಮ ನಡುವೆ ಕಡಿಮೆಯೇನಿಲ್ಲ. ಆ ಸಾಲನ್ನು ಇಲ್ಲಿನ ವೈದ್ಯರು ಯಾವ ಅಳತೆಗೋಲಿನಿಂದ ಓದುತ್ತಾರೆ ಎಂಬುದು ಗೊತ್ತಿದ್ದರೆ ಆ ಭಯದ ದೊಡ್ಡ ಪಾಲು ತಪ್ಪುತ್ತದೆ. ಅಷ್ಟೇ ಮುಖ್ಯವಾಗಿ, ನಿಜವಾಗಿ ಬೆನ್ನು ಹತ್ತಬೇಕಾದ ನಾಡ್ಯೂಲನ್ನು ಮರೆತುಬಿಡುವ ಅಪಾಯವೂ ತಪ್ಪುತ್ತದೆ.

ಶ್ವಾಸಕೋಶದೊಳಗೆ ಕಾಣುವ, 3 ಸೆಂಟಿಮೀಟರ್ ಮೀರದ ಗಂಟಿಗೆ ನಾಡ್ಯೂಲ್ ಎನ್ನುತ್ತಾರೆ. ಅದಕ್ಕಿಂತ ದೊಡ್ಡದಾದರೆ ವರದಿಯಲ್ಲಿ ಮಾಸ್ ಎಂದು ಬರೆಯುತ್ತಾರೆ, ಅದರ ತನಿಖೆಯ ದಾರಿಯೇ ಬೇರೆ. ನಾಡ್ಯೂಲ್‌ಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಹಳೆಯ ಸೋಂಕಿನ ಕಲೆ, ಶ್ವಾಸಕೋಶದೊಳಗಿನ ಪುಟ್ಟ ದುಗ್ಧಗ್ರಂಥಿ, ಕೊಬ್ಬಿನ ಅಂಶವಿರುವ ಹಮಾರ್ಟೋಮಾ ಎಂಬ ನಿರಪಾಯಕಾರಿ ಗಡ್ಡೆ, ಹೀಗೆ ಏನು ಬೇಕಾದರೂ ಆಗಿರಬಹುದು.

ಇಲ್ಲಿ ಬಳಕೆಯಲ್ಲಿರುವ ಮುಖ್ಯ ಪದ್ಧತಿಗಳು ಎರಡು. ಬೇರೆ ಕಾರಣಕ್ಕೆ ತೆಗೆದ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಸಿಕ್ಕ ನಾಡ್ಯೂಲಿಗೆ ಎದೆಯ ರೇಡಿಯಾಲಜಿ ತಜ್ಞರ ಸಂಘವಾದ ಫ್ಲೈಷ್ನರ್ ಸೊಸೈಟಿಯ 2017ರ ಮಾರ್ಗಸೂಚಿ ಅನ್ವಯಿಸುತ್ತದೆ. ಧೂಮಪಾನಿಗಳಿಗೆ ಕ್ಯಾನ್ಸರ್ ತಪಾಸಣೆಗೆಂದೇ ಮಾಡುವ ಕಡಿಮೆ ವಿಕಿರಣದ ಸಿ.ಟಿ.ಯಲ್ಲಿ ಸಿಕ್ಕ ನಾಡ್ಯೂಲಿಗೆ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ರೂಪಿಸಿದ ವರ್ಗೀಕರಣ ಪದ್ಧತಿಯಾದ ಲಂಗ್-ರ‍್ಯಾಡ್ಸ್ ಅನ್ವಯಿಸುತ್ತದೆ. ಒಂದೇ ಗಾತ್ರದ ನಾಡ್ಯೂಲ್ ಇರುವ ಇಬ್ಬರಿಗೆ ಬೇರೆ ಬೇರೆ ಸಲಹೆ ಸಿಗುವುದಕ್ಕೆ ಹಲವು ಸಲ ಇದೇ ಕಾರಣ. ಆದ್ದರಿಂದ ಗೆಳೆಯರ ವರದಿಯೊಂದಿಗೆ ನಮ್ಮದನ್ನು ಹೋಲಿಸಿಕೊಂಡು ಸಮಾಧಾನ ಪಡುವುದಾಗಲಿ ಹೆದರುವುದಾಗಲಿ ಸರಿಯಲ್ಲ.

ಫ್ಲೈಷ್ನರ್ ಮಾರ್ಗಸೂಚಿ 35 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಮಾತ್ರ. ಈಗಾಗಲೇ ಕ್ಯಾನ್ಸರ್ ಇರುವವರಿಗೂ ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಅದು ಅನ್ವಯಿಸುವುದಿಲ್ಲ. ಅದರಲ್ಲಿ ನಿರ್ಣಾಯಕವಾದ ಗೆರೆ 6 ಮಿಲಿಮೀಟರ್, ಅಂದರೆ ಕಾಳುಮೆಣಸಿಗಿಂತ ತುಸು ದೊಡ್ಡದು. ಘನವಾದ ಒಂದೇ ನಾಡ್ಯೂಲ್ 6 ಮಿಲಿಮೀಟರಿಗಿಂತ ಚಿಕ್ಕದಿದ್ದು ವ್ಯಕ್ತಿಗೆ ಅಪಾಯದ ಅಂಶಗಳು ಕಡಿಮೆಯಿದ್ದರೆ ಮತ್ತೆ ಸ್ಕ್ಯಾನ್ ಬೇಕಿಲ್ಲ. ಅಪಾಯ ಹೆಚ್ಚಿದ್ದರೆ 12 ತಿಂಗಳ ನಂತರ ಒಂದು ಸ್ಕ್ಯಾನ್ ಮಾಡಿಸುವುದು ಐಚ್ಛಿಕ. 6ರಿಂದ 8 ಮಿಲಿಮೀಟರ್ ಇದ್ದರೆ 6ರಿಂದ 12 ತಿಂಗಳೊಳಗೆ ಮರುಸ್ಕ್ಯಾನ್ ಮಾಡಿ, ಅಗತ್ಯ ಕಂಡರೆ 18ರಿಂದ 24 ತಿಂಗಳಲ್ಲಿ ಇನ್ನೊಮ್ಮೆ ನೋಡುತ್ತಾರೆ. 8 ಮಿಲಿಮೀಟರ್ ದಾಟಿದರೆ ಮೂರು ತಿಂಗಳಲ್ಲಿ ಸಿ.ಟಿ., ಚುರುಕಾದ ಜೀವಕೋಶಗಳು ಹೊಳೆದು ಕಾಣುವ ಪೆಟ್ ಸ್ಕ್ಯಾನ್, ಅಥವಾ ಗಂಟಿನ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ, ಇವುಗಳಲ್ಲಿ ಯಾವುದು ಎಂಬುದನ್ನು ವೈದ್ಯರು ಚರ್ಚಿಸಿ ನಿರ್ಧರಿಸುತ್ತಾರೆ. ಅಪಾಯದ ಅಂಶಗಳೆಂದರೆ ವಯಸ್ಸು, ಧೂಮಪಾನ, ಮನೆತನದಲ್ಲಿ ಶ್ವಾಸಕೋಶದ ಕ್ಯಾನ್ಸರ್, ಎಂಫಿಸೀಮಾ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ರೋಗ), ಆಸ್ಬೆಸ್ಟಾಸ್ ಒಡನಾಟ, ನಾಡ್ಯೂಲ್ ಶ್ವಾಸಕೋಶದ ಮೇಲ್ಭಾಗದಲ್ಲಿರುವುದು, ಅಂಚು ಮುಳ್ಳುಮುಳ್ಳಾಗಿರುವುದು.

ಗಾತ್ರದಷ್ಟೇ ತೂಕ ಸಾಂದ್ರತೆಗೂ ಇದೆ. ವರದಿಯಲ್ಲಿ ಘನ, ಭಾಗಶಃ ಘನ, ಗ್ರೌಂಡ್ ಗ್ಲಾಸ್ ಎಂಬ ಮೂರು ಬಗೆಗಳಲ್ಲಿ ಒಂದನ್ನು ಸೂಚಿಸುತ್ತಾರೆ. ಮಂಜು ಕವಿದಂತೆ ಕಾಣುವ ಶುದ್ಧ ಗ್ರೌಂಡ್ ಗ್ಲಾಸ್ ನಾಡ್ಯೂಲ್ ಕ್ಯಾನ್ಸರಾಗಿದ್ದರೂ ಬಹಳ ನಿಧಾನವಾಗಿ ಬೆಳೆಯುತ್ತದೆ. ಹಾಗಾಗಿ 6 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದನ್ನು ಮೊದಲು 6ರಿಂದ 12 ತಿಂಗಳಲ್ಲಿ, ಆಮೇಲೆ ಎರಡು ವರ್ಷಕ್ಕೊಮ್ಮೆ, ಒಟ್ಟು ಐದು ವರ್ಷ ಗಮನಿಸುತ್ತಾರೆ. ಐದು ವರ್ಷ ಎಂದೊಡನೆ ರೋಗ ಗಂಭೀರವಾಗಿದೆ ಎಂದು ಭಾವಿಸಬಾರದು. ಆ ಅವಧಿ ನಿಧಾನಗತಿಯ ಬೆಳವಣಿಗೆಗೆ ತಕ್ಕಂತೆ ಇಟ್ಟದ್ದು. ಹೆಚ್ಚು ಎಚ್ಚರ ಬೇಕಾದದ್ದು ಭಾಗಶಃ ಘನವಾದ ನಾಡ್ಯೂಲಿಗೆ. ಅದರೊಳಗಿನ ಘನ ಭಾಗ ಎಷ್ಟಿದೆ, ಅದು ಹಿಗ್ಗುತ್ತಿದೆಯೇ ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ.

ಲಂಗ್-ರ‍್ಯಾಡ್ಸ್ ಪದ್ಧತಿಯಲ್ಲಿ ಇಡೀ ಸ್ಕ್ಯಾನಿಗೆ ಒಂದು ವರ್ಗಸಂಖ್ಯೆ ಸಿಗುತ್ತದೆ. ಇದರ ಇತ್ತೀಚಿನ ಆವೃತ್ತಿ 2022ರದು. 1 ಮತ್ತು 2 ಬಂದರೆ ವರ್ಷದ ನಂತರದ ಮಾಮೂಲಿ ತಪಾಸಣೆ ಸಾಕು. 3 ಬಂದರೆ ಆರು ತಿಂಗಳು, 4ಎ ಬಂದರೆ ಮೂರು ತಿಂಗಳಲ್ಲಿ ಮರುಸ್ಕ್ಯಾನ್. 4ಬಿ ಮತ್ತು 4ಎಕ್ಸ್ ಬಂದರೆ ತಡಮಾಡದೆ ಮುಂದಿನ ತನಿಖೆ. ಮೊದಲ ಸ್ಕ್ಯಾನಿನಲ್ಲಿ ಕಂಡ ಘನ ನಾಡ್ಯೂಲಿಗೆ 6, 8 ಮತ್ತು 15 ಮಿಲಿಮೀಟರ್‌ಗಳು ಈ ವರ್ಗಗಳ ಗಡಿಗಳು. ಹಿಂದಿನ ವರ್ಷ ಇಲ್ಲದೆ ಈಗ ಹೊಸದಾಗಿ ಮೂಡಿದ್ದಾದರೆ 4 ಮಿಲಿಮೀಟರಿಗೇ 3ನೇ ವರ್ಗ. ಈ ತಪಾಸಣೆಗೆ ಅರ್ಹತೆ, ರೋಗತಡೆಯ ಸಲಹೆ ನೀಡುವ ತಜ್ಞರ ಮಂಡಳಿಯಾದ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್‌ನ 2021ರ ಶಿಫಾರಸಿನಂತೆ, 50ರಿಂದ 80 ವರ್ಷ ವಯಸ್ಸು, 20 ಪ್ಯಾಕ್-ವರ್ಷಗಳ ಧೂಮಪಾನ, ಮತ್ತು ಈಗಲೂ ಸೇದುತ್ತಿರುವುದು ಅಥವಾ ಬಿಟ್ಟು 15 ವರ್ಷದೊಳಗಿರುವುದು. ದಿನಕ್ಕೆ ಒಂದು ಪ್ಯಾಕಿನಂತೆ 20 ವರ್ಷ, ಅಥವಾ ಎರಡರಂತೆ ಹತ್ತು ವರ್ಷ ಎಂಬುದು ಇದರ ಲೆಕ್ಕ. ಊರಿನಲ್ಲಿ ಬೀಡಿ ಸೇದುತ್ತಿದ್ದವರು ದಿನಕ್ಕೆಷ್ಟು, ಎಷ್ಟು ವರ್ಷ ಎಂಬುದನ್ನು ತಾವಾಗಿಯೇ ಹೇಳಬೇಕು. ಇಲ್ಲಿನ ಪ್ರಶ್ನಾವಳಿಯಲ್ಲಿ ಬೀಡಿಯ ಹೆಸರು ಇರುವುದು ಅಪರೂಪ.

ನಮ್ಮವರು ವೈದ್ಯರಿಗೆ ಬಾಯಿಬಿಟ್ಟು ಹೇಳಲೇಬೇಕಾದ ಸಂಗತಿಗಳು ಇನ್ನೂ ಇವೆ. ಅವುಗಳಲ್ಲಿ ಮೊದಲನೆಯದು ಕ್ಷಯ. ಬಾಲ್ಯದಲ್ಲಿ ಕ್ಷಯ ಬಂದು ಹೋಗಿದ್ದರೆ, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಇದ್ದು ನಮಗೆ ಅರಿವಿಲ್ಲದೆ ಸೋಂಕು ತಗುಲಿದ್ದರೆ, ಶ್ವಾಸಕೋಶದ ಮೇಲ್ಭಾಗದಲ್ಲಿ ಗ್ರ್ಯಾನುಲೋಮಾ, ಅಂದರೆ ಉರಿಯೂತದಿಂದಾದ ಪುಟ್ಟ ಗಂಟು, ಉಳಿದಿರಬಹುದು. ಪೂರ್ತಿಯಾಗಿಯೋ ನಡುವಿನಲ್ಲಿಯೋ ಸುಣ್ಣಗಟ್ಟಿದ ನಾಡ್ಯೂಲ್ ಸಾಮಾನ್ಯವಾಗಿ ನಿರಪಾಯಕಾರಿ. ಸುಣ್ಣಗಟ್ಟದ, ಇನ್ನೂ ಉರಿಯೂತವಿರುವ ಗ್ರ್ಯಾನುಲೋಮಾ ಮಾತ್ರ ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೇ ಹೊಳೆಯಬಲ್ಲದು. ಕ್ಷಯದ ಹೆಸರೆತ್ತಲು ಸಂಕೋಚಪಡುವ ಹಿರಿಯರು ಈ ಕಾರಣಕ್ಕಾದರೂ ಅದನ್ನು ಮುಚ್ಚಿಡಬಾರದು. ವಾಸಿಸುವ ಊರೂ ಲೆಕ್ಕಕ್ಕೆ ಬರುತ್ತದೆ: ಅರಿಜೋನಾ ಮತ್ತು ಕ್ಯಾಲಿಫೋರ್ನಿಯಾದ ಮಧ್ಯ ಕಣಿವೆಯಲ್ಲಿ ವ್ಯಾಲಿ ಫೀವರ್, ಒಹಾಯೋ ಮತ್ತು ಮಿಸಿಸಿಪಿ ನದಿ ಕಣಿವೆಗಳಲ್ಲಿ ಹಿಸ್ಟೋಪ್ಲಾಸ್ಮೋಸಿಸ್ ಎಂಬ ಶಿಲೀಂಧ್ರ ಸೋಂಕುಗಳು ಇಂಥದೇ ಗಂಟುಗಳನ್ನು ಬಿಟ್ಟುಹೋಗುತ್ತವೆ. ಹಾಗೆಂದು ಎಲ್ಲವನ್ನೂ ಹಳೆಯ ಸೋಂಕಿನ ತಲೆಗೆ ಕಟ್ಟುವುದೂ ತಪ್ಪು. ಎಂದೂ ಸಿಗರೇಟು ಮುಟ್ಟದ ಏಷ್ಯಾ ಮೂಲದ ಮಹಿಳೆಯರಲ್ಲೂ ಶ್ವಾಸಕೋಶದ ಕ್ಯಾನ್ಸರ್ ಕಾಣುತ್ತದೆ. ಅವರು ತಪಾಸಣೆಯ ಅರ್ಹತೆಗೆ ಒಳಪಡದಿರುವುದರಿಂದ, ಆಕಸ್ಮಿಕವಾಗಿ ಸಿಕ್ಕ ನಾಡ್ಯೂಲಿನ ಮರುಸ್ಕ್ಯಾನನ್ನು ಅವರು ತಪ್ಪಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಬೆಲೆಯುಳ್ಳ ವಸ್ತುವೆಂದರೆ ಹಳೆಯ ಸ್ಕ್ಯಾನ್. ಘನ ನಾಡ್ಯೂಲ್ ಎರಡು ವರ್ಷ ಬದಲಾಗದೆ ಉಳಿದಿದೆ ಎಂದು ತೋರಿಸಿದರೆ ಸಾಮಾನ್ಯವಾಗಿ ಮುಂದಿನ ಸ್ಕ್ಯಾನ್‌ಗಳ ಅಗತ್ಯವೇ ಇರುವುದಿಲ್ಲ. ಆದ್ದರಿಂದ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹಿಂದೆ ಎದೆಯ ಸಿ.ಟಿ. ಆಗಿದ್ದರೆ, ಛಾಪಿಸಿದ ವರದಿ ಮಾತ್ರವಲ್ಲ, ಚಿತ್ರಗಳಿರುವ ಸಿ.ಡಿ. ಅಥವಾ ಡೈಕಾಮ್ ಕಡತಗಳನ್ನು (ಸ್ಕ್ಯಾನ್ ಚಿತ್ರಗಳ ಮೂಲ ಡಿಜಿಟಲ್ ಕಡತಗಳನ್ನು) ತರಿಸಿ, ಇಲ್ಲಿನ ರೇಡಿಯಾಲಜಿ ವಿಭಾಗಕ್ಕೆ ಕೊಟ್ಟು ಹೋಲಿಸಿ ನೋಡುವಂತೆ ಕೇಳಬೇಕು.

ಖರ್ಚಿನ ವಿಷಯ ಹೀಗಿದೆ: ಅರ್ಹರಾದವರಿಗೆ ವಾರ್ಷಿಕ ತಪಾಸಣೆಯ ಸ್ಕ್ಯಾನನ್ನು ಬಹುತೇಕ ವಿಮೆಗಳು ಪೂರ್ತಿಯಾಗಿ ಭರಿಸುತ್ತವೆ. ಆದರೆ ಅದರ ನಂತರದ ರೋಗನಿರ್ಣಯದ ಸ್ಕ್ಯಾನ್, ಪೆಟ್ ಮತ್ತು ಬಯಾಪ್ಸಿಗಳಿಗೆ ಡಿಡಕ್ಟಿಬಲ್ (ವಿಮೆ ಕೊಡುವ ಮೊದಲು ನಾವೇ ಭರಿಸಬೇಕಾದ ಮೊತ್ತ) ಬೀಳಬಹುದು, ವಿಮಾ ಕಂಪನಿಯ ಮುಂಗಡ ಅನುಮತಿಯೂ ಬೇಕಾಗಬಹುದು. ಆ ಅನುಮತಿ ಬಂದಿದೆಯೇ, ಸ್ಕ್ಯಾನ್ ಕೇಂದ್ರ ವಿಮೆಯ ಜಾಲದೊಳಗಿದೆಯೇ ಎಂಬುದನ್ನು ದಿನಾಂಕಕ್ಕೆ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಇಂಗ್ಲಿಷ್ ಸರಾಗವಾಗಿ ಬಾರದ ತಂದೆತಾಯಿಯರಿಗೆ ದುಭಾಷಿಯ ನೆರವನ್ನು ಉಚಿತವಾಗಿ ಕೇಳುವ ಹಕ್ಕು ಇದೆ. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ಅದನ್ನು ಫೋನಿನ ಮೂಲಕವಾದರೂ ಒದಗಿಸಬೇಕು. ಬಯಾಪ್ಸಿಯ ಮಾತು ಬಂದಾಗ ಮಕ್ಕಳೇ ಅನುವಾದ ಮಾಡುವುದಕ್ಕಿಂತ ಅದು ಎಷ್ಟೋ ಉತ್ತಮ.

ಪ್ರವಾಸಿ ವೀಸಾದಲ್ಲಿ ಬಂದ ತಂದೆಗೋ ತಾಯಿಗೋ ನಾಡ್ಯೂಲ್ ಕಂಡು, ಮರುಸ್ಕ್ಯಾನಿನ ಹೊತ್ತಿಗೆ ಅವರು ಊರಿನಲ್ಲಿರುವುದಾದರೆ, ಹೊರಡುವ ಮುಂಚೆಯೇ ಆಸ್ಪತ್ರೆಯ ಇಮೇಜಿಂಗ್ ದಾಖಲೆ ವಿಭಾಗದಿಂದ ಸಿ.ಡಿ. ಮತ್ತು ಪೂರ್ಣ ವರದಿ ಪಡೆದು, ನಾಡ್ಯೂಲಿನ ಅಳತೆ, ಬಗೆ, ಇರುವ ಜಾಗ ಮತ್ತು ಮುಂದಿನ ಸ್ಕ್ಯಾನಿನ ತಿಂಗಳನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಬೇಕು. ಅಲ್ಲಿನ ಶ್ವಾಸಕೋಶ ತಜ್ಞರು ಅದೇ ಚಿತ್ರಗಳೊಂದಿಗೆ ಹೋಲಿಸಿ, ಬೆಳವಣಿಗೆ ಇದೆಯೇ ಇಲ್ಲವೇ ಎಂಬುದನ್ನು ಹೇಳುತ್ತಾರೆ.