ಕೋಟೆಯನ್ನು ಕೊನೆಗೆ ಇಟ್ಟೆ, ದೊಡ್ಡಪ್ಪ ಸೋತರು

ಬೀದರ್‌ಗೆ ಬಂದ ನೆಂಟರನ್ನು ಮೊದಲು ಕೋಟೆಗೆ ಕರೆದೊಯ್ಯಬೇಡಿ. ಹೀಗಂದಾಗ ಗೆಳೆಯರೆಲ್ಲ ನಕ್ಕಿದ್ದರು. "ಕೋಟೆ ಬಿಟ್ಟು ಇನ್ನೇನು ತೋರಿಸ್ತೀಯಪ್ಪಾ?" ಈಗ ನನ್ನ ಕಡೆ ಸಾಕ್ಷಿ ಇದೆ. ಮೈಸೂರಿನವರು, ನನ್ನ ಹೆಂಡತಿಯ ದೊಡ್ಡಪ್ಪ.

ಅದಕ್ಕೂ ಮೊದಲು ಎರಡು ಸಲ ಸೋತಿದ್ದೇನೆ. ಹುಬ್ಬಳ್ಳಿಯ ಭಾವ ಬಂದಾಗ ಮೇ ತಿಂಗಳು. ಎರಡೂವರೆ ಸಾವಿರ ಕೊಟ್ಟು ಕಾರು ಮಾಡಿ, ಹನ್ನೊಂದು ಗಂಟೆಗೆ ಕೋಟೆ ಬಾಗಿಲಲ್ಲಿ ಇಳಿಸಿದೆ. ಸೋಲಾ ಖಂಬ ಮಸೀದಿಯಲ್ಲಿ ನೆರಳು ಸಿಕ್ಕಿದ್ದೇ ತಡ, ಒಂದು ಕಂಬಕ್ಕೆ ಒರಗಿ ಕೂತವರು ಏಳಲೇ ಇಲ್ಲ. "ಹದಿನಾರು ಕಂಬ ಆಯ್ತು, ನಡಿ ಮನೆಗೆ" ಅಂದರು. ಎರಡನೇ ಸಲ ನಾದಿನಿಯನ್ನು ನೇರ ಬಿದ್ರಿ ಅಂಗಡಿಗೆ ಕರೆದುಕೊಂಡು ಹೋದೆ; ಬಿದ್ರಿ ಅಂದರೆ ಲೋಹಕ್ಕೆ ಬೆಳ್ಳಿ ಕೂರಿಸುವ ನಮ್ಮೂರ ಕಸುಬು. ಅಂಗೈಯಷ್ಟು ಡಬ್ಬಿಗೆ ಎರಡು ಸಾವಿರದ ಮೇಲೆ ಅಂದರು. ಅವಳು ಅದನ್ನು ಅಲ್ಲೇ ಇಟ್ಟು ಹೊರಗೆ ಬಂದಳು. ಕೆಲಸ ನೋಡೋಕೆ ಮುಂಚೆ ರೇಟು ಕಿವಿಗೆ ಬಿದ್ದರೆ ಮುಗೀತು.

ದೊಡ್ಡಪ್ಪ ಬಂದದ್ದು ಎಳ್ಳಮಾವಾಸ್ಯೆ ವಾರ. ಬಂದ ದಿನವೇ ಶುರು ಮಾಡಿದರು: "ಅರಮನೆ ನೋಡಿದ ಕಣ್ಣಿಗೆ ನಿಮ್ಮೂರಲ್ಲಿ ಏನಿದೆ ಅಳಿಯಂದ್ರೇ?" ನಾನು ಬಾಯಿ ಬಿಡಲಿಲ್ಲ. ತರಕಾರಿ, ಕಾಳು ಬೇಯಿಸಿ ಮಾಡುವ ನಮ್ಮ ಕಡೆಯ ಭಜ್ಜಿ, ಸಜ್ಜೆ ರೊಟ್ಟಿ ಬಡಿಸಿದೆ. ಭಜ್ಜಿ ಎರಡು ಸಲ ಹಾಕಿಸಿಕೊಂಡರು, ಹೊಗಳಲಿಲ್ಲ.

ಮರುದಿನ ಬೆಳಿಗ್ಗೆ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು. ಅಹ್ಮದ್ ಷಾ ವಲಿಯ ಗುಮ್ಮಟದೊಳಗೆ ಕತ್ತಲೆ. ಅಲ್ಲಿದ್ದವರು ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿದರು, ಗೋಡೆಯ ಬಣ್ಣ ಒಂದೊಂದೇ ಎದ್ದು ಬಂತು. ದೊಡ್ಡಪ್ಪ ಟೋಪಿ ತೆಗೆದರು. ಅಷ್ಟೇ. ಪಕ್ಕದಲ್ಲಿ ಸಿಡಿಲು ಬಡಿದು ಅರ್ಧ ಒಡೆದ ಬಹಮನಿ ಹುಮಾಯೂನನ ಗೋರಿಯನ್ನು ಮಾತ್ರ ತುಂಬ ಹೊತ್ತು ನೋಡಿದರು. ಒಡೆದದ್ದು ಅವರಿಗೆ ಇಷ್ಟ ಅಂತ ಕಾಣುತ್ತೆ.

ನಡುವೆ ಒಂದು ಪ್ರಯೋಗ ಮಾಡಿದೆ. ನೀರಾವರಿ ಇಲಾಖೆಯಲ್ಲಿದ್ದವರು ಅಲ್ವಾ ಅಂತ ನೌಬಾದಿನ ಕರೇಜ್ ತೋರಿಸಿದೆ. ನೆಲದಡಿ ಕಾಲುವೆ, ಮೇಲೆ ಸಾಲಾಗಿ ಗಾಳಿಗಂಡಿಗಳು. ಒಂದರೊಳಗೆ ಬಗ್ಗಿ ನೋಡಿ, "ಬಾವಿ ತಾನೇ?" ಅಂದರು. ಆಟೋದ ಮುನ್ನೂರು ರೂಪಾಯಿ ನೀರಿಗೆ ಹೋಯಿತು.

ಮಧ್ಯಾಹ್ನ ಅಂಗಡಿಗೆ ಅಲ್ಲ, ಬಿದ್ರಿ ಕಾರ್ಖಾನೆಗೆ. ನನ್ನ ಗುಟ್ಟು ಇಲ್ಲಿದೆ, ಅರ್ಧ ಹೇಳುತ್ತೇನೆ. ಹೋಗಬೇಕಾದದ್ದು ಕೆತ್ತುವ ದಿನವಲ್ಲ, ಕಪ್ಪು ಮಾಡುವ ದಿನ. ಸತು, ತಾಮ್ರದ ಹೂಜಿ. ಬೆಳ್ಳಿ ತಂತಿ ಕೂರಿಸಿ, ಅರ ಹಾಕಿ ಉಜ್ಜಿ ಇಟ್ಟಿದ್ದರು. ಎಲ್ಲ ಒಂದೇ ಬೂದು ಬಣ್ಣ, ಹೂವು ಯಾವುದು ಹಿನ್ನೆಲೆ ಯಾವುದು ಗೊತ್ತೇ ಆಗಲ್ಲ. "ಇದಾ ನಿಮ್ಮ ಬಿದ್ರಿ?" ಅಂದರು ದೊಡ್ಡಪ್ಪ. ಕೆಲಸಗಾರರು ಹೂಜಿಯನ್ನು ಸ್ವಲ್ಪ ಬಿಸಿ ಮಾಡಿದರು. ಮಣ್ಣು, ನವಸಾಗರ ಅನ್ನೋ ಉಪ್ಪು ಕಲಸಿದ ನೀರು ಹಚ್ಚಿ ತಿಕ್ಕಿದರು. ಕಣ್ಣೆದುರೇ ಲೋಹ ಕಾಡಿಗೆಯಂತಾಯಿತು. ಬೆಳ್ಳಿ ಬೆಳ್ಳಿಯಾಗೇ ಉಳಿಯಿತು.

ದೊಡ್ಡಪ್ಪನ ಕನ್ನಡಕ ಮೂಗಿನ ತುದಿಗೆ ಬಂದಿತ್ತು.

"ಇದು ಯಾವ ಮಣ್ಣು?"

"ಕೋಟೆಯದು ಸಾಹೇಬ್ರೇ. ಬಿಸಿಲು, ಮಳೆ ತಾಗದ ಜಾಗದ್ದು. ನಾಲಿಗೆಗೆ ಹಚ್ಚಿ ನೋಡಿ ಆರಿಸ್ತೀವಿ."

"ಅಳಿಯಂದ್ರೇ, ಆ ಜಾಗ ತೋರಿಸಿ."

ಈ ಮಾತಿಗೇ ಕಾದಿದ್ದೆ. ಕೋಟೆಗೆ ನಾನು ಕರೆಯಲಿಲ್ಲ, ಅವರೇ ಎಳೆದುಕೊಂಡು ಹೋದರು. ಬಂಡೆ ಕಡಿದು ಮಾಡಿದ ಮೂರು ಸುತ್ತಿನ ಕಂದಕದ ಹತ್ತಿರ ಬಗ್ಗಿ ಬಗ್ಗಿ ನೋಡಿದರು. ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪು ನೋಡಿ, "ಇದೂ ಅದೇ ಲೆಕ್ಕ ಅಲ್ವಾ, ಕಪ್ಪಿನ ಮೇಲೆ ಬಿಳಿ" ಅಂದರು. ಇಷ್ಟು ವರ್ಷ ಇಲ್ಲಿದ್ದು ನನಗೇ ಹೊಳೆದಿರಲಿಲ್ಲ.

ಒಟ್ಟು ಖರ್ಚು ಸಾವಿರದ ಇನ್ನೂರೋ ಮುನ್ನೂರೋ, ಊಟ ಬಿಟ್ಟು. ದೊಡ್ಡಪ್ಪ ಎರಡು ಡಬ್ಬಿ ಕೊಂಡರು, ಚೌಕಾಸಿ ಮಾಡದೆ. ಅದೇ ಅಂಗೈಯಷ್ಟು ಡಬ್ಬಿ.

ಮೊನ್ನೆ ನಕ್ಕಿದ್ದ ಗೆಳೆಯನೊಬ್ಬ ಫೋನ್ ಮಾಡಿದ. ಅವನ ಮಾವ ಬೆಂಗಳೂರಿಂದ ಬರುತ್ತಾರಂತೆ, ಆ ಕಾರ್ಖಾನೆಯವರ ನಂಬರ್ ಬೇಕಂತೆ. ಕಪ್ಪು ಮಾಡುವ ದಿನ ತಿಳಿಯೋಕೆ ಹಿಂದಿನ ಸಂಜೆ ಅವರಿಗೆ ಫೋನ್ ಮಾಡಲೇಬೇಕು. ನಂಬರ್ ಇನ್ನೂ ಕೊಟ್ಟಿಲ್ಲ.