ಸಾಂಬಾ ಫೈಲ್ ಸರ್ವರ್ ನಿಧಾನವಾದಾಗ ಎಲ್ಲಿಂದ ಹುಡುಕಬೇಕು?

ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ ಸಾಂಬಾ (ಲಿನಕ್ಸ್‌ನ ಕಡತಗಳನ್ನು ವಿಂಡೋಸ್‌ನೊಂದಿಗೆ ಹಂಚಿಕೊಳ್ಳುವ ತಂತ್ರಾಂಶ) ಹಾಕಿ, ಹತ್ತಿಪ್ಪತ್ತು ವಿಂಡೋಸ್ ಕಂಪ್ಯೂಟರುಗಳಿಗೆ ಫೋಲ್ಡರುಗಳನ್ನು ಹಂಚಿಕೊಟ್ಟಿರುವವರಿಗೆ ‘ಸರ್ವರ್ ತುಂಬಾ ಸ್ಲೋ’ ಎಂಬ ದೂರು ಹೊಸದೇನಲ್ಲ. ದೂರು ಬಂದ ಕೂಡಲೇ ಹೆಚ್ಚಿನವರು ಸಾಂಬಾದ ಸಂರಚನಾ ಕಡತವನ್ನು ತೆರೆದು, ಎಲ್ಲೋ ಓದಿದ ನಾಲ್ಕು ಸಾಲುಗಳನ್ನು ಅದಕ್ಕೆ ಸೇರಿಸಿ, ಸರ್ವೀಸ್ ರೀಸ್ಟಾರ್ಟ್ ಮಾಡಿ ಕಾದು ನೋಡುತ್ತಾರೆ. ನಿಜವಾಗಿ ಅದು ಕೊನೆಯಲ್ಲಿ ಕೈಹಾಕಬೇಕಾದ ಜಾಗ. ಅದಕ್ಕೂ ಮೊದಲು ಕೇಬಲ್, ಸ್ವಿಚ್ ಮತ್ತು ಡಿಸ್ಕ್‌ಗಳ ಸ್ಥಿತಿಯನ್ನು ಅಳೆದು ನೋಡಬೇಕು, ಏಕೆಂದರೆ ದೋಷ ಬಹುಪಾಲು ಅಲ್ಲಿಯೇ ಅಡಗಿರುತ್ತದೆ.

ಅಳೆಯುವ ಮೊದಲು ದೂರನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಎಲ್ಲರಿಗೂ ನಿಧಾನವೋ, ಒಬ್ಬರಿಗೆ ಮಾತ್ರವೋ? ದೊಡ್ಡದೊಂದು ಕಡತವನ್ನು ನಕಲು ಮಾಡುವಾಗಲೋ, ಸಾವಿರಾರು ಸಣ್ಣ ಕಡತಗಳಿರುವ ಫೋಲ್ಡರ್ ತೆರೆಯುವಾಗಲೋ? ದಿನವಿಡೀ ಹೀಗೆಯೋ, ಬೆಳಿಗ್ಗೆ ಮೊದಲ ಸಲ ಡ್ರೈವ್ ತೆರೆದಾಗ ಮಾತ್ರವೋ? ಒಬ್ಬರಿಗೆ ಮಾತ್ರ ನಿಧಾನವೆಂದಾದರೆ ಸರ್ವರ್ ಕೋಣೆಗೆ ಹೋಗುವ ಅಗತ್ಯವೇ ಇಲ್ಲ. ಅವರ ಮೇಜಿನ ಕೆಳಗಿನ ಕೇಬಲ್‌ನಿಂದ ಹುಡುಕಾಟ ಶುರುವಾಗಬೇಕು.

ಅಂಕಿಯೇ ಕಾರಣ ಹೇಳುವ ಸಂದರ್ಭ

ಎರಡು ಮೂರು ಗಿಗಾಬೈಟಿನ ಒಂದೇ ಒಂದು ಕಡತವನ್ನು ಸರ್ವರ್‌ನಿಂದ ನಕಲು ಮಾಡಿ, ವೇಗ ಎಲ್ಲಿ ಸ್ಥಿರವಾಗಿ ನಿಲ್ಲುತ್ತದೆ ಎಂಬುದನ್ನು ಗಮನಿಸಿ. ಗಿಗಾಬಿಟ್ ಜಾಲದ ಲೆಕ್ಕದ ಮಿತಿ ಸೆಕೆಂಡಿಗೆ 125 ಮೆಗಾಬೈಟ್. ಪ್ಯಾಕೆಟ್‌ಗಳ ಹೆಡರುಗಳ ಪಾಲನ್ನು ಕಳೆದರೆ 110ರ ಆಸುಪಾಸಿನಲ್ಲಿ ಸಿಕ್ಕುವುದು ಸಹಜ. ನಿಮ್ಮ ನಕಲು 11 ಮೆಗಾಬೈಟ್‌ನ ಹತ್ತಿರ ಅಲುಗಾಡದೆ ನಿಂತುಬಿಟ್ಟರೆ ಹೆಚ್ಚೇನೂ ಯೋಚಿಸಬೇಕಾಗಿಲ್ಲ: ದಾರಿಯಲ್ಲಿ ಎಲ್ಲೋ ಒಂದು ಕೊಂಡಿ 1000ದ ಬದಲು 100 ಮೆಗಾಬಿಟ್‌ಗೆ ಇಳಿದಿದೆ. 100 ಮೆಗಾಬಿಟ್ ಸಂಪರ್ಕಕ್ಕೆ ಕೇಬಲ್‌ನೊಳಗಿನ ಎರಡು ಜೋಡಿ ತಂತಿಗಳು ಸಾಕು, ಆದರೆ ಗಿಗಾಬಿಟ್‌ಗೆ ನಾಲ್ಕೂ ಜೋಡಿಗಳು ಬೇಕು. ಹೀಗಾಗಿ ಕುರ್ಚಿಯ ಚಕ್ರಕ್ಕೆ ಸಿಕ್ಕಿಯೋ, ಸರಿಯಾಗಿ ಕ್ರಿಂಪ್ ಆಗದೆಯೋ ಉಳಿದೆರಡು ಜೋಡಿಗಳಲ್ಲಿ ಒಂದೇ ಒಂದು ತಂತಿ ಹೋದರೆ ಸಂಪರ್ಕ ಸಾಮಾನ್ಯವಾಗಿ ಕಡಿಯುವುದಿಲ್ಲ, ಸದ್ದಿಲ್ಲದೆ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಸರ್ವರ್‌ನಲ್ಲಿ ‘ಈಥ್‌ಟೂಲ್’ ಆದೇಶ ತೋರಿಸುವ ಸ್ಪೀಡ್ ಸಾಲನ್ನೂ, ವಿಂಡೋಸ್‌ನಲ್ಲಿ ಅಡಾಪ್ಟರ್ ಸ್ಟೇಟಸ್ ಕಿಟಕಿಯನ್ನೂ ನೋಡಿದರೆ ಇದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಎರಡೂ ತುದಿಯಲ್ಲಿ 1000 ಎಂದಿದ್ದರೂ ನಡುವೆ ಹಳೆಯ ಸ್ವಿಚ್ ಒಂದು ಅವಿತಿರಬಹುದು; ಪ್ರಿಂಟರಿಗೆಂದು ಯಾರೋ ಯಾವಾಗಲೋ ಹಾಕಿಟ್ಟ ಐದು ಪೋರ್ಟಿನ ಡಬ್ಬಿಯ ಮೂಲಕವೇ ಅರ್ಧ ಕಚೇರಿಯ ಸಂಪರ್ಕ ಹಾದುಹೋಗುವುದು ಅಪರೂಪವೇನಲ್ಲ.

ವೇಗ ಸ್ಥಿರವಾಗಿಲ್ಲದೆ ಏರಿಳಿಯುತ್ತಾ, ಕೆಲವೊಮ್ಮೆ ಪೂರ್ತಿ ನಿಂತು ಮತ್ತೆ ಓಡುತ್ತಿದ್ದರೆ ಡ್ಯುಪ್ಲೆಕ್ಸ್ ಹೊಂದಾಣಿಕೆಯನ್ನು ಅನುಮಾನಿಸಿ. ಫುಲ್ ಡ್ಯುಪ್ಲೆಕ್ಸ್‌ನಲ್ಲಿ ಎರಡೂ ತುದಿಗಳು ಒಟ್ಟಿಗೇ ಕಳಿಸಬಹುದು, ಹಾಫ್‌ನಲ್ಲಿ ಸರದಿಯಂತೆ ಮಾತ್ರ. ಸ್ವಿಚ್‌ನ ಪೋರ್ಟನ್ನು ಕೈಯಾರೆ 100 ಮೆಗಾಬಿಟ್ ಫುಲ್ ಡ್ಯುಪ್ಲೆಕ್ಸ್‌ಗೆ ಕಟ್ಟಿಹಾಕಿ, ಇನ್ನೊಂದು ತುದಿಯನ್ನು ಆಟೋದಲ್ಲೇ ಬಿಟ್ಟಿದ್ದರೆ ಆ ತುದಿ ಹಾಫ್ ಡ್ಯುಪ್ಲೆಕ್ಸ್‌ಗೆ ಇಳಿಯುತ್ತದೆ. ಆಗ ಪಿಂಗ್ ಚೆನ್ನಾಗಿಯೇ ಬರುತ್ತದೆ, ಆದರೆ ದೊಡ್ಡ ಕಡತ ಹೊರಟ ಕೂಡಲೇ ಡಿಕ್ಕಿಗಳು ಮತ್ತು ಸಿಆರ್‌ಸಿ ದೋಷಗಳು (ದಾರಿಯಲ್ಲಿ ಕೆಟ್ಟುಹೋದ ಪ್ಯಾಕೆಟ್‌ಗಳ ಎಣಿಕೆ) ಏರತೊಡಗುತ್ತವೆ. ಎರಡೂ ಕಡೆ ಆಟೋಗೆ ಬಿಡುವುದೇ ಇದಕ್ಕೆ ಮದ್ದು.

ಡಿಸ್ಕ್ ಮತ್ತು ಸಾಂಬಾಗಳನ್ನು ಪಕ್ಕಕ್ಕಿಟ್ಟು ಜಾಲವನ್ನಷ್ಟೇ ಅಳೆಯಲು ‘ಐಪರ್ಫ್3’ ಇದೆ. ಸರ್ವರ್‌ನಲ್ಲಿ ಒಂದು, ದೂರಿತ್ತವರ ಕಂಪ್ಯೂಟರಿನಲ್ಲಿ ಒಂದು ಓಡಿಸಿ, ಎರಡೂ ದಿಕ್ಕಿನಲ್ಲಿ ಪರೀಕ್ಷಿಸಬೇಕು, ಏಕೆಂದರೆ ಓದು ಚೆನ್ನಾಗಿದ್ದು ಬರಹ ಮಾತ್ರ ಕುಂಟುವ ಸಂದರ್ಭಗಳೂ ಇವೆ. ಗಿಗಾಬಿಟ್ ಸಂಪರ್ಕದಲ್ಲಿ ಎರಡೂ ಕಡೆಗೆ 940 ಮೆಗಾಬಿಟ್‌ನ ಸುತ್ತಮುತ್ತ ಬಂದರೆ ಜಾಲ ನಿರ್ದೋಷಿ; ಮತ್ತೆ ಆ ಕಡೆ ತಿರುಗಿ ನೋಡಬೇಕಾಗಿಲ್ಲ. ಈ ಪರೀಕ್ಷೆಯನ್ನು ವೈಫೈ ಮೂಲಕ ಮಾಡಿ ತೀರ್ಪು ಕೊಡಬೇಡಿ.

ಡಿಸ್ಕ್

ಡಿಸ್ಕನ್ನು ಪರೀಕ್ಷಿಸಲು ಸುಲಭದ ಉಪಾಯವೊಂದಿದೆ. ಲಿನಕ್ಸ್ ತಾನು ಓದಿದ ಕಡತವನ್ನು ಖಾಲಿ ಇರುವ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ. ಆದ್ದರಿಂದ ಬಹಳ ದಿನ ಯಾರೂ ಮುಟ್ಟದ, ಆದರೆ ಸರ್ವರ್‌ನ ಮೆಮೊರಿಯಲ್ಲಿ ಹಿಡಿಯುವಷ್ಟು ಗಾತ್ರದ ಕಡತವೊಂದನ್ನು ಒಂದು ಕಂಪ್ಯೂಟರಿಗೆ ನಕಲು ಮಾಡಿ, ಅದು ಮುಗಿದ ತಕ್ಷಣ ಅದೇ ಕಡತವನ್ನು ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡಿ. ಮೊದಲನೆಯದು ತೆವಳಿ ಎರಡನೆಯದು ಓಡಿದರೆ ತಪ್ಪು ಡಿಸ್ಕಿನದು, ಏಕೆಂದರೆ ಎರಡನೆಯ ಸಲ ಡಿಸ್ಕ್ ಕೆಲಸವನ್ನೇ ಮಾಡಿಲ್ಲ. ಎರಡೂ ಒಂದೇ ರೀತಿ ತೆವಳಿದರೆ ಕಾರಣ ಬೇರೆಡೆ ಇದೆ.

ಡಿಸ್ಕ್ ಎಂದು ಗೊತ್ತಾದ ಮೇಲೆ, ಜನ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ‘ಐಓಸ್ಟ್ಯಾಟ್’ ಅನ್ನು ‘-x’ ಆಯ್ಕೆಯೊಂದಿಗೆ ಓಡಿಸಿ, ಪ್ರತಿ ಕೋರಿಕೆ ಎಷ್ಟು ಮಿಲಿಸೆಕೆಂಡ್ ಕಾಯುತ್ತಿದೆ ಎಂದು ತೋರಿಸುವ ಅವೇಟ್ ಕಾಲಮ್ಮನ್ನು ನೋಡಿ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ; ಸರಾಸರಿ ಅರ್ಧ ಸುತ್ತಿನ ಕಾಯುವಿಕೆ, ಅದರ ಮೇಲೆ ಹೆಡ್ ಸರಿಯುವ ಹೊತ್ತು ಸೇರಿದರೆ, ಚದುರಿದ ಕೋರಿಕೆಗಳನ್ನು ಸೆಕೆಂಡಿಗೆ ನೂರರ ಸುಮಾರಿನಲ್ಲಿ ಮಾತ್ರ ಅದು ಪೂರೈಸಬಲ್ಲದು. ಹದಿನೈದು ಜನ ಒಟ್ಟಿಗೆ ಬೇರೆ ಬೇರೆ ಕಡತಗಳನ್ನು ಕೇಳಿದಾಗ ಆ ನೂರನ್ನು ಅವರೆಲ್ಲ ಹಂಚಿಕೊಳ್ಳುತ್ತಾರೆ. ಇಲ್ಲಿ ಯಾವ ಸಂರಚನೆಯೂ ನೆರವಿಗೆ ಬರುವುದಿಲ್ಲ. ಎಸ್‌ಎಸ್‌ಡಿ ಅಥವಾ ಹೆಚ್ಚಿನ ಮೆಮೊರಿ ಮಾತ್ರ ಉಪಾಯ.

ನಿನ್ನೆಯವರೆಗೆ ಚೆನ್ನಾಗಿದ್ದು ಇಂದು ಹಠಾತ್ತನೆ ನಿಧಾನವಾಗಿದ್ದರೆ ರೇಡ್‌ನ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ವ್ಯವಸ್ಥೆ) ಸ್ಥಿತಿಯನ್ನು ಮೊದಲು ನೋಡಬೇಕು. ಒಂದು ಡಿಸ್ಕ್ ಸತ್ತು, ರೇಡ್ 5 ಉಳಿದ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ದತ್ತಾಂಶ ಕೊಡುತ್ತಿದ್ದರೆ ಬಳಕೆದಾರರಿಗೆ ಕಾಣುವುದು ನಿಧಾನಗತಿಯಷ್ಟೇ, ಆದರೆ ನೀವು ಇನ್ನೊಂದು ಡಿಸ್ಕ್ ಸತ್ತರೆ ಎಲ್ಲವೂ ಹೋಗುವ ಸ್ಥಿತಿಯಲ್ಲಿರುತ್ತೀರಿ. ಅಂಥ ಹೊತ್ತಿನಲ್ಲಿ ವೇಗದ ಚಿಂತೆ ಬಿಟ್ಟು ಬ್ಯಾಕಪ್ ಸರಿಯಿದೆಯೇ ಎಂದು ನೋಡಿ. ಹಾರ್ಡ್‌ವೇರ್ ರೇಡ್ ಕಾರ್ಡುಗಳಲ್ಲಿ ಕ್ಯಾಶ್ ಬ್ಯಾಟರಿ ಹೋದರೆ ಕಾರ್ಡು ತಾನಾಗಿಯೇ ರೈಟ್‌ಬ್ಯಾಕ್ (ಕ್ಯಾಶ್‌ಗೆ ಬಂದೊಡನೆ ಬರಹ ಮುಗಿಯಿತೆನ್ನುವ ಕ್ರಮ) ಬಿಟ್ಟು ರೈಟ್‌ಥ್ರೂಗೆ (ಡಿಸ್ಕಿಗೆ ಬರೆದ ಮೇಲಷ್ಟೇ ಮುಗಿಯಿತೆನ್ನುವ ಕ್ರಮ) ಬದಲಾಗುವುದೂ ಉಂಟು. ಆಗ ಓದುವ ವೇಗ ಮೊದಲಿನಂತೆಯೇ ಇದ್ದು, ಬರೆಯುವ ವೇಗ ಮಾತ್ರ ಕುಸಿಯುತ್ತದೆ.

ಈಗ ಸಾಂಬಾ

ಜಾಲವೂ ಡಿಸ್ಕೂ ಸರಿಯಿದ್ದರೆ ಸಂರಚನಾ ಕಡತದ ಸರದಿ. ‘ಟೆಸ್ಟ್‌ಪಾರ್ಮ್’ ಆದೇಶ ಮೂಲ ಮೌಲ್ಯದಿಂದ ಬದಲಾಗಿರುವ ಸಾಲುಗಳನ್ನಷ್ಟೇ ತೋರಿಸುತ್ತದೆ, ಆದ್ದರಿಂದ ಹಿಂದಿನವರು ಏನೇನು ಸೇರಿಸಿದ್ದಾರೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಅಲ್ಲಿ ‘ಸಾಕೆಟ್ ಆಪ್ಷನ್ಸ್’ ಸಾಲಿನಲ್ಲಿ 8192ರಂಥ ಬಫರ್ (ಜಾಲದ ದತ್ತಾಂಶ ತಾತ್ಕಾಲಿಕವಾಗಿ ನಿಲ್ಲುವ ಜಾಗ) ಗಾತ್ರ ಕಂಡರೆ ಅದನ್ನು ತೆಗೆದುಹಾಕಿ. ದಶಕಗಳ ಹಿಂದೆ ಉಪಯುಕ್ತವಾಗಿದ್ದಿರಬಹುದಾದ ಈ ಸಲಹೆ, ಟಿಸಿಪಿ ಬಫರನ್ನು ತಾನೇ ಹಿಗ್ಗಿಸಿಕೊಳ್ಳಬಲ್ಲ ಇಂದಿನ ಲಿನಕ್ಸ್‌ನ ಕೈಕಟ್ಟುತ್ತದೆ; ಆದರೂ ಒಂದು ಕಡತದಿಂದ ಇನ್ನೊಂದಕ್ಕೆ ಪಿತ್ರಾರ್ಜಿತ ಆಸ್ತಿಯಂತೆ ಸಾಗಿಬರುತ್ತಲೇ ಇದೆ. ಹಳೆಯ ಸಮಸ್ಯೆಯೊಂದನ್ನು ಹುಡುಕಲು ‘ಲಾಗ್ ಲೆವೆಲ್’ ಅನ್ನು 10ಕ್ಕೆ ಏರಿಸಿ ಹಾಗೆಯೇ ಮರೆತಿದ್ದರೆ, ಪ್ರತಿ ಸಣ್ಣ ಕೋರಿಕೆಗೂ ಪುಟಗಟ್ಟಲೆ ಬರೆಯುವುದರಲ್ಲೇ ಸರ್ವರ್ ದಣಿಯುತ್ತದೆ. ಅದನ್ನು 1ಕ್ಕೆ ಇಳಿಸಿ.

‘ಎಸ್‌ಎಂಬಿಸ್ಟೇಟಸ್’ ಓಡಿಸಿದರೆ ಯಾವ ಕಂಪ್ಯೂಟರ್ ಎಸ್‌ಎಂಬಿ ಎಂಬ ಕಡತ ಹಂಚಿಕೆ ಪ್ರೋಟೋಕಾಲ್‌ನ ಯಾವ ಆವೃತ್ತಿಯಲ್ಲಿ ಮಾತಾಡುತ್ತಿದೆ, ಸಹಿ (ದಾರಿಯಲ್ಲಿ ಏನೂ ಬದಲಾಗಿಲ್ಲವೆಂದು ಖಚಿತಪಡಿಸುವ ಗುರುತು) ಹಾಗೂ ಗೂಢಲಿಪೀಕರಣ ಇವೆಯೇ ಎಂಬುದು ಕಾಣುತ್ತದೆ. ಹಳೆಯ ಆವೃತ್ತಿಯಾದ ಎಸ್‌ಎಂಬಿ1ರಲ್ಲಿ ಅಂಟಿಕೊಂಡ ಯಂತ್ರವಿದ್ದರೆ ವೇಗಕ್ಕೂ ಸುರಕ್ಷತೆಗೂ ಅದನ್ನು ಬಿಡಿಸಬೇಕು. ಸಹಿ ಮತ್ತು ಗೂಢಲಿಪೀಕರಣಗಳು ದುರ್ಬಲ ಪ್ರೊಸೆಸರಿನ ಸರ್ವರ್‌ಗೆ ಭಾರವಾಗುತ್ತವೆ ಎಂಬುದು ನಿಜ. ಆದರೆ ಅವುಗಳನ್ನು ಆಫ್ ಮಾಡುವುದಕ್ಕಿಂತ ಪ್ರೊಸೆಸರ್ ಬದಲಿಸುವುದು ಒಳ್ಳೆಯದು. ಹಾಗೆಯೇ ಸಾಂಬಾ 4.7ರಿಂದ ‘ಸ್ಟ್ರಿಕ್ಟ್ ಸಿಂಕ್’ ತಾನಾಗಿಯೇ ಚಾಲೂ ಇರುತ್ತದೆ. ಪ್ರತಿ ನಮೂದಿಗೂ ಡಿಸ್ಕಿಗೆ ಬರೆದು ಖಚಿತಪಡಿಸು ಎಂದು ಕೇಳುವ ತಂತ್ರಾಂಶಗಳು ಇದರಿಂದ ನಿಧಾನವಾಗಬಹುದು, ಆದರೆ ಹೊತ್ತುಗೊತ್ತಿಲ್ಲದೆ ಕರೆಂಟ್ ಹೋಗುವ ಊರಿನಲ್ಲಿ ಲೆಕ್ಕಪತ್ರದ ಫೋಲ್ಡರಿಗೆ ಇದನ್ನು ಆಫ್ ಮಾಡುವುದನ್ನು ನಾನಂತೂ ಒಪ್ಪುವುದಿಲ್ಲ.

ಒಂದೇ ಫೋಲ್ಡರಿನಲ್ಲಿ ಐವತ್ತು ಸಾವಿರ ಸ್ಕ್ಯಾನ್ ಪ್ರತಿಗಳನ್ನು ಸುರಿದಿದ್ದರೆ ಇನ್ನೊಂದು ತೊಡಕು ಎದುರಾಗುತ್ತದೆ. ವಿಂಡೋಸ್‌ಗೆ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ, ಲಿನಕ್ಸ್‌ಗೆ ಇದೆ. ವಿಂಡೋಸ್ ಹೊಸ ಕಡತವನ್ನು ಸೃಷ್ಟಿಸಲು ಹೊರಟಾಗ, ಅದೇ ಹೆಸರು ಬೇರೆ ಅಕ್ಷರರೂಪದಲ್ಲಿ ಈಗಾಗಲೇ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಸಾಂಬಾ ಇಡೀ ಪಟ್ಟಿಯನ್ನು ಓದಬೇಕಾಗುತ್ತದೆ, ಪ್ರತಿ ಸಲವೂ. ಹಳೆಯ ಹೆಸರುಗಳನ್ನೆಲ್ಲ ಸಣ್ಣಕ್ಷರಕ್ಕೆ ಬದಲಿಸಿ, ಆ ಹಂಚಿಕೆಗೆ ಮಾತ್ರ ‘ಕೇಸ್ ಸೆನ್ಸಿಟಿವ್’ ಅನ್ನು ಯೆಸ್, ‘ಡಿಫಾಲ್ಟ್ ಕೇಸ್’ ಅನ್ನು ಲೋವರ್, ‘ಪ್ರಿಸರ್ವ್ ಕೇಸ್’ ಮತ್ತು ‘ಶಾರ್ಟ್ ಪ್ರಿಸರ್ವ್ ಕೇಸ್’ ಎರಡನ್ನೂ ನೋ ಎಂದು ಇಟ್ಟರೆ ಈ ಹುಡುಕಾಟ ತಪ್ಪುತ್ತದೆ. ವರ್ಷ, ತಿಂಗಳುಗಳ ಪ್ರಕಾರ ಉಪಫೋಲ್ಡರುಗಳನ್ನು ಮಾಡುವುದು ಇನ್ನೂ ಸರಳ.

ಸಣ್ಣ ಕಡತಗಳ ಲೆಕ್ಕ

ದೊಡ್ಡ ಕಡತ ಓಡುತ್ತದೆ, ಸಣ್ಣವು ತೆವಳುತ್ತವೆ ಎಂದರೆ ಅದು ದೋಷವಾಗಿರಲೇಬೇಕೆಂದಿಲ್ಲ. ಒಂದು ಕಡತವನ್ನು ತೆರೆಯುವುದು, ವಿವರ ಕೇಳುವುದು, ಓದುವುದು, ಮುಚ್ಚುವುದು ಇವೆಲ್ಲ ಸೇರಿ ಎಂಟು ಸಲ ಸರ್ವರ್‌ಗೆ ಹೋಗಿಬರಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ಕಚೇರಿಯೊಳಗೆ ಒಂದು ಹೋಗಿಬರುವಿಕೆಗೆ ಅರ್ಧ ಮಿಲಿಸೆಕೆಂಡ್ ಹಿಡಿದರೆ, ತಲಾ 10 ಕಿಲೋಬೈಟಿನ ಸಾವಿರ ಕಡತಗಳಿಗೆ ನಾಲ್ಕು ಸೆಕೆಂಡ್ ಆಗುತ್ತದೆ. ಅದೇ ಕಡತಗಳನ್ನು ಶಾಖಾ ಕಚೇರಿಯಿಂದ 40 ಮಿಲಿಸೆಕೆಂಡ್ ದೂರದ ವಿಪಿಎನ್ ಮೂಲಕ ತೆಗೆದರೆ 320 ಸೆಕೆಂಡ್, ಅಂದರೆ ಐದು ನಿಮಿಷಕ್ಕೂ ಹೆಚ್ಚು. ಒಟ್ಟು ದತ್ತಾಂಶ ಹತ್ತೇ ಮೆಗಾಬೈಟ್ ಆದ್ದರಿಂದ ಹೆಚ್ಚು ವೇಗದ ಇಂಟರ್ನೆಟ್ ಕೊಂಡರೆ ಇಲ್ಲಿ ಏನೂ ಬದಲಾಗುವುದಿಲ್ಲ. ಒಂದೇ ಜಿಪ್ ಕಡತವಾಗಿಸಿ ತರಿಸಬೇಕು, ಇಲ್ಲವೇ ಏಕಕಾಲಕ್ಕೆ ಹಲವು ಕಡತಗಳನ್ನು ಎಳೆಯುವ ವಿಂಡೋಸ್‌ನ ರೋಬೋಕಾಪಿ ಆದೇಶದ ಬಹುತಂತು ಸೌಲಭ್ಯವನ್ನು ಬಳಸಬೇಕು. ದಿನವೂ ಇದೇ ಕೆಲಸವಾದರೆ ತಂತ್ರಾಂಶವನ್ನು ಸರ್ವರ್‌ನ ಪಕ್ಕದಲ್ಲೇ ಓಡಿಸಿ, ದೂರದಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ನೋಡುವುದು ಮೇಲು.

ಬೆಳಿಗ್ಗೆ ಮೊದಲ ಸಲ ಮಾತ್ರ ಹತ್ತಾರು ಸೆಕೆಂಡ್ ಕಾಯಬೇಕಾಗುವ ದೂರಿಗೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ: ಉತ್ತರಿಸದ ಡಿಎನ್‌ಎಸ್ (ಕಂಪ್ಯೂಟರಿನ ಹೆಸರಿನಿಂದ ಅದರ ಐಪಿ ವಿಳಾಸ ಹೇಳುವ) ಸರ್ವರ್‌ನ ವಿಳಾಸ, ಅಥವಾ ಎಂದೋ ತೆಗೆದುಹಾಕಿದ ಸರ್ವರ್‌ನ ಹೆಸರಿನಲ್ಲಿ ಇನ್ನೂ ಉಳಿದಿರುವ ಮ್ಯಾಪ್ಡ್ ಡ್ರೈವ್. ಜಾಲದ ಕಡತಗಳನ್ನೂ ಬಿಡದೆ ಸ್ಕ್ಯಾನ್ ಮಾಡುವ ಆಂಟಿವೈರಸ್ಸನ್ನೂ ಒಮ್ಮೆ ನೋಡಿ.

ಇಷ್ಟಾದರೂ ಕಾರಣ ಸಿಗದಿದ್ದರೆ, ಬಳಕೆದಾರರು ನಿಧಾನವೆನ್ನುವ ಕೆಲಸವನ್ನು ಅವರಿಂದಲೇ ಮಾಡಿಸುತ್ತಾ ವೈರ್‌ಶಾರ್ಕ್‌ನಲ್ಲಿ ಪ್ಯಾಕೆಟ್‌ಗಳನ್ನು ಹಿಡಿಯಿರಿ. ಅದರ ಸರ್ವಿಸ್ ರೆಸ್ಪಾನ್ಸ್ ಟೈಮ್ ಪಟ್ಟಿಯಲ್ಲಿ ಎಸ್‌ಎಂಬಿ2 ಆರಿಸಿದರೆ, ಯಾವ ಬಗೆಯ ಕೋರಿಕೆಗೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಸಿಗುತ್ತದೆ. ಉತ್ತರಗಳೆಲ್ಲ ಒಂದೆರಡು ಮಿಲಿಸೆಕೆಂಡಿನಲ್ಲಿ ಬಂದಿದ್ದು, ಒಂದು ಉತ್ತರಕ್ಕೂ ಮುಂದಿನ ಕೋರಿಕೆಗೂ ನಡುವೆ ಅಂತರ ದೊಡ್ಡದಾಗಿದ್ದರೆ ಕಾಯುತ್ತಿರುವುದು ಬಳಕೆದಾರರ ಕಂಪ್ಯೂಟರಿನಲ್ಲಿರುವ ತಂತ್ರಾಂಶವೇ. ಆ ದಾಖಲೆಯನ್ನು ತಂತ್ರಾಂಶದವರಿಗೆ ಕಳಿಸಿಕೊಡಿ.